ಕೂಸಿಗಾಗಿ ನಿಂತ ಸ್ಕೂಟರು

ಆ ಧನುರ್ಮಾಸದಲ್ಲಿ ರಾಜಾಜಿನಗರದ ನಮ್ಮ ಬಾಡಿಗೆ ಮನೆಯಲ್ಲಿ ಇದ್ದವರು ಅಪ್ಪ, ಅಮ್ಮ, ಕಾಲೇಜಿಗೆ ಹೋಗುತ್ತಿದ್ದ ನಾನು, ಮೊದಲ ಹೆರಿಗೆಗೆ ತವರಿಗೆ ಬಂದಿದ್ದ ಅಕ್ಕ, ಅವಳ ಬಾಣಂತನಕ್ಕೆಂದು ಕೆಂಗೇರಿಯ ಸೋದರಮಾವನ ಮನೆಯಿಂದ ಬಂದಿಳಿದಿದ್ದ ಅಜ್ಜಿ. ಇಷ್ಟು ಜನರ ನಡುವೆ ಇನ್ನೂ ಹೆಸರಿಡದ ಒಂದು ಹೆಣ್ಣುಕೂಸು. ಭಾವ ನಾಯಂಡಹಳ್ಳಿಯ ವರ್ಕ್‌ಶಾಪೊಂದರಲ್ಲಿ ಕೆಲಸಕ್ಕಿದ್ದರು. ಭಾನುವಾರ ಸೈಕಲ್ ತುಳಿದುಕೊಂಡು ಬಂದು, ಕೈಕಾಲು ತೊಳೆದು, ಕೂಸಿನ ಮುಖ ನೋಡಿ, ಊಟ ಮಾಡಿ ಹೋಗುವರು. ಗೋಡೆಯಾಚೆ ಹುಬ್ಬಳ್ಳಿ ಕಡೆಯ ಒಂದು ಸಂಸಾರ. ಆ ಮನೆಯಾಕೆಯನ್ನು ಆಕೆಯ ಮಕ್ಕಳು ಅವ್ವ ಎನ್ನುತ್ತಿದ್ದರು. ಹಾಗಾಗಿ ಓಣಿಗೆಲ್ಲ ಆಕೆ ಅವ್ವನೇ.

ಓಣಿ ಎಂದರೆ ಎರಡು ಸಾಲು ಮನೆಗಳ ನಡುವಿನ ಕಿರಿದಾದ ದಾರಿ. ಎದುರುಬದುರಾಗಿ ಇಬ್ಬರು ಕೊಡ ಹಿಡಿದು ಬಂದರೆ ಒಬ್ಬರು ಓರೆಯಾಗಲೇಬೇಕು. ಅಲ್ಲಿ, ನಮ್ಮ ಮುಂದಿನ ಕೋಣೆಯ ಕಿಟಕಿಯ ಕೆಳಗೆ, ಅಪ್ಪನ ಸ್ಕೂಟರು ನಿಲ್ಲುತ್ತಿತ್ತು.

ಅಪ್ಪ ಎಷ್ಟೋ ವರ್ಷ ಆಸೆಪಟ್ಟು ಕೊಂಡ ಸೆಕೆಂಡ್ ಹ್ಯಾಂಡ್ ಸ್ಕೂಟರು ಅದು. ಅದಕ್ಕೆ ಸಿಕ್ಕ ಉಪಚಾರ ನಮಗೆ ಯಾರಿಗೂ ಸಿಕ್ಕಿಲ್ಲ. ಪೆಟ್ರೋಲ್ ಬಂಕಿನಲ್ಲಿ ಆಯಿಲ್ ಬೆರೆಸುವವನಿಗೆ ಅಪ್ಪ, "ಇನ್ನೂ ಸ್ವಲ್ಪ ಹಾಕಪ್ಪ, ಇಂಜಿನ್ನು ತಂಪಾಗಿರತ್ತೆ" ಎನ್ನುವರು. ಇಂಜಿನ್ನು ತಂಪಾಗಿತ್ತೋ ಏನೋ, ಬೆಳಿಗ್ಗೆ ಅದನ್ನು ಒಂದು ಮಗ್ಗುಲಿಗೆ ಓರೆ ಮಾಡಿ, ನೆಟ್ಟಗೆ ನಿಲ್ಲಿಸಿ, ಮೇಲಿಂದ ಮೇಲೆ ಒದ್ದಾಗ ನೀಲಿ ಹೊಗೆ ಬುಸ್ಸೆಂದು ಹೊರಟು ಓಣಿ ತುಂಬಿಕೊಳ್ಳುತ್ತಿತ್ತು. ಸ್ಟಾರ್ಟ್ ಆದ ಮೇಲೂ ಅಪ್ಪ ಹೊರಡರು. ಬಿಸಿಯಾಗಲಿ ಎಂದು ಅದನ್ನು ಗುರುಗುಟ್ಟಲು ಬಿಟ್ಟು ಒಳಗೆ ಬಂದು ಕಾಫಿ ಕುಡಿಯುವರು.

"ಏನ್ರೀ ಸಾಹೇಬ್ರ, ಸೊಳ್ಳಿ ಓಡಸಾಕತ್ತೀರೇನು?" ಎಂದು ಅವ್ವ ಗೋಡೆಯಾಚೆಯಿಂದ ಕೂಗುವಳು.

"ನಿಮ್ಮ ಹೊಟ್ಟಿನ ಒಲೆಗಿಂತ ವಾಸಿ ಬಿಡಿ" ಎಂದು ಅಪ್ಪ.

ಅದೂ ಸುಳ್ಳಲ್ಲ. ಆಗ ನಮ್ಮ ಕಡೆ ಸ್ನಾನದ ನೀರು ಕಾಯುತ್ತಿದ್ದದ್ದು ಮರದ ಹೊಟ್ಟಿನ ಒಲೆಯಲ್ಲಿ. ಸಾಮಿಲ್ಲಿನಿಂದ ಮೂಟೆಯಲ್ಲಿ ಹೊಟ್ಟು ತಂದು, ಒಲೆಯ ನಡುವೆ ಒನಕೆ ತುಂಡು ನಿಲ್ಲಿಸಿ ಸುತ್ತಲೂ ಗಟ್ಟಿಯಾಗಿ ಮೆತ್ತಿ, ತುಂಡನ್ನು ಮೆಲ್ಲಗೆ ಎಳೆದುಕೊಂಡು, ಕೆಳಗೆ ಕಿಡಿ ಇಡುವುದು. ಒಣಗಿದ ಹೊಟ್ಟಾದರೆ ಹಿತವಾಗಿ ಉರಿಯುತ್ತದೆ. ತಂಪು ಹಿಡಿದದ್ದಾದರೆ ಮನೆಮಂದಿಯೆಲ್ಲ ಕಣ್ಣೊರೆಸಿಕೊಳ್ಳಬೇಕು. ಚಳಿಗಾಲದಲ್ಲಿ ಮೇಲೇಳದ ಆ ಹೊಗೆ, ಇಂಡಸ್ಟ್ರಿಯಲ್ ಎಸ್ಟೇಟಿನ ಚಿಮಣಿಗಳದ್ದು, ಮೂಲೆಯಲ್ಲಿ ಒಣ ಎಲೆ ಗುಡ್ಡೆಹಾಕಿ ಸುಡುವುದರದ್ದು, ಎಲ್ಲ ಸೇರಿ ಇಬ್ಬನಿಯ ಜೊತೆ ತಲೆಯ ಮಟ್ಟದಲ್ಲೇ ತೂಗುತ್ತಿತ್ತು. ನಮಗೆ ಅದು ಬೆಳಗಿನ ವಾಸನೆಯೇ ಆಗಿಹೋಗಿತ್ತು.

ಅಜ್ಜಿಯ ವಿಷಯ ಹೇಳಬೇಕು. ಬಾಣಂತನದಲ್ಲಿ ಅವಳದು ಎತ್ತಿದ ಕೈ. ನಮ್ಮ ಬಳಗದಲ್ಲಿ ಹುಟ್ಟಿದವರೆಲ್ಲ ಅವಳ ಕಾಲ ಮೇಲೆ ಮಲಗಿ ಎಣ್ಣೆ ನೀರು ಹಾಕಿಸಿಕೊಂಡವರೇ, ನಾನೂ ಸೇರಿ. ನಾನು ಇವತ್ತು ಆಡುವ ಮಾತಿನಲ್ಲಿ ಅರ್ಧ ಅವಳು ನೀರೆರೆಯುತ್ತಾ ಆಡಿದ ಮಾತು. ಬಂದವಳೇ ಮುಂದಿನ ಕೋಣೆಯನ್ನು ಬಾಣಂತಿ ಕೋಣೆ ಮಾಡಿದಳು. ಕಿಟಕಿ ಮುಚ್ಚಿಸಿ, ಸಂದಿಗೆ ಹಳೇ ಸೀರೆಯ ಚೂರು ತುರುಕಿದಳು. ಅಕ್ಕನ ಕಿವಿಗೆ ಹತ್ತಿಯಿಟ್ಟು ತಲೆಗೆ ಬಟ್ಟೆ ಕಟ್ಟಿದಳು. ಮಂಚದ ಕೆಳಗೆ ಇದ್ದಲಿನ ಅಗ್ಗಿಷ್ಟಿಕೆ. ಎರಡು ಹೊತ್ತೂ ಕೆಂಡದ ಮೇಲೆ ಸಾಂಬ್ರಾಣಿ, ಓಮ, ಬೆಳ್ಳುಳ್ಳಿ ಸಿಪ್ಪೆ. ಆ ಹೊಗೆಯ ಮೇಲೆ ಕೂಸನ್ನು ಅಂಗೈಯಲ್ಲಿ ಹಿಡಿದು ಆಡಿಸಿ, ಆಮೇಲೆ ತೊಟ್ಟಿಲ ಬಟ್ಟೆಗೆ ಹೊಗೆ ಹಿಡಿದು ಮಲಗಿಸುವಳು. ಕೋಣೆಗೆ ಹೋದರೆ ದೇವಸ್ಥಾನದ ಗರ್ಭಗುಡಿಗೆ ಹೋದ ಹಾಗೆ ಇರುತ್ತಿತ್ತು.

ಕೂಸಿಗೆ ತಿಂಗಳಾಗುತ್ತಿದ್ದಂತೆ ಕೆಮ್ಮು ಶುರುವಾಯಿತು. ಮೊದಲು ಶೀತವೆಂದರು. ಆಮೇಲೆ ಹಾಲು ಕುಡಿಯುತ್ತಾ ನಡುವೆ ಬಿಟ್ಟು ಉಸಿರಿಗಾಗಿ ಬಾಯಿ ತೆರೆಯತೊಡಗಿತು. ಒಂದು ಬೆಳಿಗ್ಗೆ ಅದರ ಪಕ್ಕೆ ಒಳಕ್ಕೆ ಸೆಳೆಯುವುದನ್ನು ಕಂಡ ಅಮ್ಮ ಸೆರಗಿನಲ್ಲಿ ಸುತ್ತಿಕೊಂಡು ಡಾಕ್ಟರ ಹತ್ತಿರ ಓಡಿದಳು. ಜೊತೆಗೆ ನಾನು ಹೋಗಿದ್ದೆ. ಅವರು ಎದೆಗೆ ಕಿವಿಗೊಟ್ಟು ಬಹಳ ಹೊತ್ತು ಕೇಳಿದರು.

"ಪುಪ್ಪುಸ ತುಂಬಾ ವೀಕ್ ಇದೆಯಮ್ಮ. ಔಷಧಿ ಬರೆದುಕೊಡ್ತೀನಿ. ಅದಕ್ಕಿಂತ ಮುಖ್ಯ, ಹೊಗೆ ಸೋಕಬಾರದು, ಧೂಳು ಸೋಕಬಾರದು. ಚಳಿ ತಗಲದ ಹಾಗೆ ನೋಡ್ಕೊಳ್ಳಿ."

ಅಮ್ಮ ಮನೆಗೆ ಬಂದು ಒಂದಕ್ಷರ ಬಿಡದೆ ಹೇಳಿದಳು. ಎಲ್ಲರ ಕಣ್ಣೂ ಒಟ್ಟಿಗೆ ಹೋದದ್ದು ಕಿಟಕಿಯ ಕಡೆಗೆ.

"ಅಳಿಯಂದಿರಿಗೆ ನಾನು ಹೇಳಬಾರದು" ಎಂದಳು ಅಜ್ಜಿ. "ಆದ್ರೂ ಹೇಳ್ತೀನಿ. ಆ ಗಾಡಿ ಹೆಚ್ಚೋ, ಈ ಮಗು ಹೆಚ್ಚೋ?"

"ಇದೇನು ಮಾತು ಅತ್ತೆ" ಎಂದರು ಅಪ್ಪ. ಮುಖ ಕೆಂಪಾಗಿತ್ತು.

ಮರುದಿನದಿಂದ ಅಪ್ಪ ಸ್ಕೂಟರನ್ನು ಓಣಿಯುದ್ದಕ್ಕೂ ತಳ್ಳಿಕೊಂಡು ಹೋಗಿ ದೊಡ್ಡ ರಸ್ತೆಯಲ್ಲಿ ಸ್ಟಾರ್ಟ್ ಮಾಡತೊಡಗಿದರು. ಪ್ಯಾಂಟು ಶರಟು ಇಸ್ತ್ರಿ ಮಾಡಿಕೊಂಡ ಮನುಷ್ಯ ಎಮ್ಮೆ ಹೊಡೆದುಕೊಂಡು ಹೋಗುವವರ ಹಾಗೆ ಬಗ್ಗಿ ನಡೆಯುವುದನ್ನು ಕಂಡು ಹುಡುಗರು ನಕ್ಕರು. "ಏನ್ ಸಾರ್, ಪೆಟ್ರೋಲ್ ಖಾಲಿನಾ?" ಎಂದು ದಿನಾ ಒಬ್ಬರಾದರೂ ಕೇಳುವರು. ಆದರೆ ರಾತ್ರಿಯೆಲ್ಲ ಕೂಸು ಕೆಮ್ಮಿತು. ಗಾಳಿ ಬೀಸಿದರೆ ದೊಡ್ಡ ರಸ್ತೆಯ ಹೊಗೆ ಇಲ್ಲಿಗೆ ಬಾರದೇ ಎಂದು ಅಪ್ಪನಿಗೆ ಅನುಮಾನ ಬಂತು. ಭಾನುವಾರ ಸ್ಕೂಟರಿಗೆ ಗೋಣಿತಾಟು ಹೊದಿಸಿ, ಸುತ್ತಲೂ ಹಗ್ಗ ಬಿಗಿದರು. ಸೋಮವಾರದಿಂದ ಬಸ್ಸು.

ಮೆಜೆಸ್ಟಿಕ್ಕಿನ ಆಚೆಗೆ ಅವರ ಕಚೇರಿ. ಫುಟ್‌ಬೋರ್ಡಿನ ಮೇಲೆ ಜೋತುಬಿದ್ದು ಹೋಗಬೇಕು. ಮೊದಲ ದಿನವೇ ಟಿಫಿನ್ ಕ್ಯಾರಿಯರಿನ ಸಾರು ಯಾರದೋ ಪಂಚೆಯ ಮೇಲೆ ಚೆಲ್ಲಿ ಬೈಸಿಕೊಂಡು ಬಂದರು. "ನನ್ನ ಕಾಲು ಯಾರದ್ದೋ ಕಾಲಿನ ಮೇಲೆ, ನನ್ನ ಕಾಲಿನ ಮೇಲೆ ಇನ್ಯಾರೋ. ನೆಲ ಅನ್ನೋದು ಯಾರಿಗೂ ಸಿಗಲಿಲ್ಲ" ಎಂದರು. ಅಕ್ಕ ಬಾಗಿಲ ಸಂದಿಯಿಂದ ಕೇಳಿಸಿಕೊಂಡು ನಕ್ಕಳು. ಬಾಣಂತನಕ್ಕೆ ಬಂದಮೇಲೆ ಅವಳು ಹಾಗೆ ನಕ್ಕದ್ದು ನನಗೆ ಅದೊಂದೇ ಸಲ ನೆನಪಿದೆ.

ಓಣಿಯ ತುದಿಯ ಮನೆಯಲ್ಲಿ ಮೋಟರ್ ಬೈಕಿನ ಒಬ್ಬ ಯುವಕನಿದ್ದ. ಓಣಿಯಲ್ಲಿ ಗಾಡಿ ಸ್ಟಾರ್ಟ್ ಮಾಡಬೇಡವೆಂದು ಅಪ್ಪ ಹೋಗಿ ಕೇಳಿಕೊಂಡರು.

"ಸಾರ್, ನನ್ ಗಾಡಿ ಹೊಗೆ ಬಿಡಲ್ಲ ಸಾರ್. ಬರೀ ಸೌಂಡು."

"ಸೌಂಡಿಗೂ ಮಗೂಗೆ ಎಚ್ಚರ ಆಗತ್ತೆ ಕಣಪ್ಪ. ನಾನು ಬಸ್‌ಸ್ಟಾಪಿಗೆ ನಡೆಯೋವಾಗ ನೀನೂ ತಳ್ಕೊಂಡು ಬಾ, ಜೊತೆಗಾಗತ್ತೆ."

ಅವನು ಗೊಣಗಿದ, ಆದರೆ ತಳ್ಳಿದ.

ಅವ್ವನನ್ನು ಯಾರೂ ಕೇಳಲಿಲ್ಲ. ಅವಳೇ ಬಂದು ಹೊಸ್ತಿಲ ಆಚೆ ನಿಂತಳು. "ಕೂಸಿಗೆ ಹೊಗಿ ಆಗಂಗಿಲ್ಲಂತ? ಅದು ಆರಾಮ ಆಗೂ ತನಕಾ ನಮ್ಮನಿಯಾಗ ತಣ್ಣೀರ ಜಳಕಾನ. ನಮ್ಮ ಯಜಮಾನ್ರು ಒದರತಾರ, ಒದರ್ಲಿ ಬಿಡ್ರಿ. ಒದರಿದ್ರ ಮೈ ಬೆಚ್ಚಗಾಕ್ಕೈತಿ." ಮರುದಿನ ಮುಂಜಾನೆ ಗೋಡೆಯಾಚೆಯಿಂದ ಆ ಯಜಮಾನರು "ಶಿವ ಶಿವಾ" ಎಂದು ಅರಚಿಕೊಂಡು ಸ್ನಾನ ಮಾಡುವುದು ಕೇಳಿಸಿತು. ಮಿಕ್ಕ ಮನೆಯವರು ನಾಚಿಕೆಗೆ ಬಿದ್ದು ಒಬ್ಬೊಬ್ಬರಾಗಿ ಹೊಟ್ಟಿನ ಒಲೆ ಬಿಟ್ಟರು. ಹಸುಗೂಸು, ಮುದುಕರು ಇದ್ದವರು ಮಾತ್ರ ದೂರದ ಹಿತ್ತಲಿನಲ್ಲಿ ಒಂದೇ ಹಂಡೆ ಕಾಯಿಸಿ ಹಂಚಿಕೊಂಡರು. ಮೂಲೆಯಲ್ಲಿ ಎಲೆ ಸುಡುವವರ ಕೈಯಿಂದ ಬೆಂಕಿಪೊಟ್ಟಣ ಕಸಿದುಕೊಂಡವಳೂ ಅವ್ವನೇ. ಖಾಲಿ ಸೈಟಿನಲ್ಲಿ ಗುಂಡಿ ತೋಡಿಸಿ ಎಲೆಯೆಲ್ಲ ಅದಕ್ಕೆ ಹಾಕಿಸಿದಳು.

ಒಂದು ಬೆಳಿಗ್ಗೆ ಕಾಲೇಜಿಗೆ ಹೊರಟವಳು ಓಣಿಯಲ್ಲಿ ನಿಂತುಬಿಟ್ಟೆ. ತುದಿಯ ಮನೆಯ ಹೊಂಗೆಮರ, ಅದರಾಚೆಯ ನೀರಿನ ಟ್ಯಾಂಕು, ಎಲ್ಲ ತೊಳೆದಿಟ್ಟ ಹಾಗೆ ಕಾಣುತ್ತಿದ್ದವು. ಚಿಮಣಿಗಳ ಹೊಗೆ ದೂರದಲ್ಲಿತ್ತು ನಿಜ, ನಮ್ಮ ಓಣಿಯಲ್ಲಿ ಮಾತ್ರ ಉಸಿರಿಗೆ ಏನೂ ಅಡ್ಡ ಬರುತ್ತಿರಲಿಲ್ಲ. ಅಷ್ಟು ಜನ ಒಂದು ಕೂಸಿಗಾಗಿ ಅಷ್ಟು ಮಾಡಿದ್ದರು. ನಾನು ಹಿಂದಿರುಗಿ ನೋಡಿದೆ. ನಮ್ಮ ಕಿಟಕಿ ಮುಚ್ಚೇ ಇತ್ತು.

ಒಳಗೆ ಅಕ್ಕ ಕಣ್ಣುಜ್ಜಿಕೊಳ್ಳುತ್ತಾ, "ಅಜ್ಜೀ, ಸಾಕು ಹಾಕಬೇಡ, ಕಣ್ಣುರಿ ಕಣೇ" ಎನ್ನುವುದನ್ನು ನಾವೆಲ್ಲ ಕೇಳಿದ್ದೆವು.

"ಬಾಣಂತಿ ಕಣ್ಣು ಉರಿಯೋದೇ. ದೇವರ ಮುಂದೆ ಹಾಕೋದು ಕಣೇ ಇದು, ಇದನ್ನ ಹೊಗೆ ಅಂತಾರಾ? ನಿನ್ನಮ್ಮನಿಗೂ ಹಾಕಿದೀನಿ, ನಿನಗೂ ಹಾಕಿದೀನಿ. ಎದೆ ಕಟ್ಟಿದ್ದು ಕರಗತ್ತೆ, ಸುಮ್ನಿರು."

ಹೊಗೆ ಎಂದರೆ ಸ್ಕೂಟರಿನದು, ಒಲೆಯದು, ಕಸದ್ದು. ನಮ್ಮ ತಲೆಯಲ್ಲಿ ಸಾಂಬ್ರಾಣಿ ಆ ಸಾಲಿನಲ್ಲಿ ಇರಲೇ ಇಲ್ಲ. ಅಡಿಗೆಮನೆಯ ಒಗ್ಗರಣೆಗೆ ಬಾಗಿಲು ಹಾಕುತ್ತಿದ್ದ ಅಮ್ಮನೇ ಅಜ್ಜಿಗೆ ಕೆಂಡ ತುಂಬಿ ಕೊಡುತ್ತಿದ್ದಳು.

ಸಂಕ್ರಾಂತಿ ಹತ್ತಿರವಾದಾಗ ಚಳಿ ಹೆಚ್ಚಾಯಿತು. ಕೂಸಿನ ಎದೆ ಗೊರಗುಟ್ಟತೊಡಗಿತು. ಅಜ್ಜಿ ಇನ್ನೊಂದು ಅಗ್ಗಿಷ್ಟಿಕೆ ಇಡಿಸಿದಳು. ಮಧ್ಯಾಹ್ನವೂ ಸಾಂಬ್ರಾಣಿ ಹಾಕಿದಳು. ಮಗುವನ್ನು ತನ್ನ ಸೆರಗಿನೊಳಗೆ ಇಟ್ಟುಕೊಂಡು ಊಟಕ್ಕೂ ಏಳದೆ ಕೂತಳು. ಆ ಮಗುವಿನ ಮೇಲೆ ಅವಳಿಗಿದ್ದಷ್ಟು ಜೀವ ನಮ್ಮಲ್ಲಿ ಇನ್ನಾರಿಗೂ ಇತ್ತೆಂದು ನಾನು ಹೇಳಲಾರೆ. ಸಂಜೆಗೆ ಕೂಸಿನ ತುಟಿ ನೀಲಿಯಾಯಿತು. ಅಪ್ಪ ಬಸ್ಸಿಳಿದು ಬಂದವರು ಚೀಲವನ್ನು ಹೊಸ್ತಿಲಲ್ಲೇ ಹಾಕಿ ಡಾಕ್ಟರನ್ನು ಕರೆಯಲು ಓಡಿದರು.

ಡಾಕ್ಟರು ನಮ್ಮ ಮನೆಗೆ ಬಂದದ್ದು ಅದೇ ಮೊದಲು. ಕೋಣೆಯ ಬಾಗಿಲು ತಳ್ಳಿ ಒಂದು ಹೆಜ್ಜೆ ಇಟ್ಟವರು ಕೆಮ್ಮಿ ಹಿಂದೆ ಸರಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನೇರ ಕಿಟಕಿಯ ಹತ್ತಿರ ಹೋಗಿ, ಸೀರೆಯ ಚೂರುಗಳನ್ನು ಕಿತ್ತೆಸೆದು, ಎರಡೂ ಬಾಗಿಲನ್ನು ಹೊರಕ್ಕೆ ತಳ್ಳಿದರು. ಒಳಗಿನ ಹೊಗೆ ಓಣಿಗೆ ಹೊರಟಿತು. ಸುದ್ದಿ ತಿಳಿದು ಬಂದಿದ್ದ ಅವ್ವ ಹೊರಗೆ ನಿಂತಿದ್ದಳು. ಅದು ಅವಳ ಮುಖಕ್ಕೇ ಬಡಿಯಿತು.

"ಯಾರು ಇದನ್ನ ಹಾಕಿದ್ದು?" ಎಂದರು ಡಾಕ್ಟರು.

ಅಜ್ಜಿ ಧೂಪದ ಬಟ್ಟಲು ಹಿಡಿದುಕೊಂಡೇ ಎದ್ದು ನಿಂತಳು. "ನಾನೇ" ಎಂದಳು, ಇನ್ನೂ ಅರ್ಥವಾಗದೆ. ಆಮೇಲೆ ಅವರ ಮುಖ ನೋಡಿದಳು, ನಮ್ಮೆಲ್ಲರ ಮುಖ ನೋಡಿದಳು. ಅರ್ಥವಾಯಿತು. ಬಟ್ಟಲನ್ನು ಎಲ್ಲಿಡಬೇಕೋ ತಿಳಿಯದೆ ಹಾಗೇ ನಿಂತಿದ್ದಳು. ಅಮ್ಮ ಬಂದು ಕೈಯಿಂದ ತೆಗೆದುಕೊಂಡಳು.

ಬೆಳಗಾಗುವ ಮೊದಲೇ ಕೂಸು ಆಸ್ಪತ್ರೆಯಲ್ಲಿ ತೀರಿಕೊಂಡಿತು.

ಸಾಂಬ್ರಾಣಿಯೊಂದರಿಂದಲೇ ಹೀಗಾಯಿತೆಂದು ಡಾಕ್ಟರು ಹೇಳಲಿಲ್ಲ, ನಾನೂ ಹೇಳಲಾರೆ. ಹುಟ್ಟುವಾಗಲೇ ಬಲವಿಲ್ಲದ ಜೀವ ಅದು. ಆದರೆ ಅದಕ್ಕೆ ಬೇಕಿದ್ದ ಗಾಳಿ ಕಿಟಕಿಯ ಆಚೆಯೇ ಇತ್ತು, ಅಷ್ಟು ಜನ ತಣ್ಣೀರು ಹೊಯ್ದುಕೊಂಡು, ಬಸ್ಸಿಗೆ ಜೋತುಬಿದ್ದು ಅದನ್ನು ಉಳಿಸಿಟ್ಟಿದ್ದರು ಎನ್ನುವುದನ್ನು ನಾನು ಮರೆತಿಲ್ಲ. ಇವತ್ತು ಗಾಡಿ ಬಿಟ್ಟು ನಡೆಯಿರಿ, ಬಸ್ಸು ಹತ್ತಿ ಎಂದು ಯಾರಾದರೂ ಹೇಳಿದರೆ ಖಂಡಿತ ಒಳ್ಳೆಯದು ಎನ್ನುತ್ತೇನೆ, ನಾನೂ ಹಾಗೇ ಓಡಾಡುತ್ತೇನೆ. ಆಮೇಲೆ ಅವರ ಮನೆಯೊಳಗೆ ಏನೇನು ಉರಿಯುತ್ತದೆ ಎಂದು ಕೇಳುತ್ತೇನೆ. ಕೆಲವರಿಗೆ ಇದು ಹುಚ್ಚು ಎನಿಸುತ್ತದೆ.

ಸುದ್ದಿ ಮುಟ್ಟಿ ಓಡಿಬಂದಿದ್ದ ಭಾವ ಕೂಸನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡರು. ತುದಿಯ ಮನೆಯ ಯುವಕ ಬಂದು, "ಸಾರ್, ದೂರ ಆಗತ್ತೆ. ಬೈಕ್ ತರ್ತೀನಿ, ಇವರು ಹಿಂದೆ ಕೂತ್ಕೊಳ್ಳಲಿ" ಎಂದ. ಅಪ್ಪ ತಲೆಯಾಡಿಸಿ ಬೇಡವೆಂದರು. ಗಂಡಸರು ನಡೆದೇ ಹೋದರು. ಹೆಸರಿಡುವ ಶಾಸ್ತ್ರ ಆಗಿರಲಿಲ್ಲವಾದ್ದರಿಂದ ಅದನ್ನು ನೆನೆದು ಅಳಲು ಅಕ್ಕನಿಗೆ ಹೆಸರೂ ಇರಲಿಲ್ಲ. "ಪುಟ್ಟೀ, ಪುಟ್ಟೀ" ಎಂದಳು.

ಅಜ್ಜಿಯನ್ನು ಯಾರೂ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತೇನೋ. ಅವಳು ಹಿತ್ತಲ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ಅಕ್ಕ ಒಮ್ಮೆ ಹೋಗಿ ಅವಳ ಪಕ್ಕ ಕೂತಳು. ವಾರ ಕಳೆದ ಮೇಲೆ ಓಣಿಯಲ್ಲಿ ಒಂದೊಂದೇ ಹೊಟ್ಟಿನ ಒಲೆ ಹತ್ತಿತು. ಯಾರನ್ನೂ ತಪ್ಪೆನ್ನುವ ಹಾಗಿರಲಿಲ್ಲ, ಚಳಿ ಇನ್ನೂ ಇತ್ತು. ಅವ್ವ ಮಾತ್ರ ಶಿವರಾತ್ರಿಯವರೆಗೂ ಹಚ್ಚಲಿಲ್ಲ. ಅಪ್ಪ ಯುಗಾದಿಯ ಹೊತ್ತಿಗೆ ಸ್ಕೂಟರನ್ನು ಮಾರಿ, ನಿವೃತ್ತರಾಗುವವರೆಗೂ ಬಸ್ಸಿನಲ್ಲೇ ಓಡಾಡಿದರು.

ಆ ಬೇಸಿಗೆಯಲ್ಲಿ ಕೆಂಗೇರಿಯಿಂದ ಸೋದರಮಾವ ಬಂದರು. ಅವರ ಹೆಂಡತಿ, ನಮ್ಮ ಅತ್ತೆಗೆ, ದಿನ ತುಂಬಿತ್ತು. ಅವರ ತವರಿನಲ್ಲಿ ಬಾಣಂತನ ಮಾಡುವವರು ಯಾರೂ ಇರಲಿಲ್ಲ.

"ಅಮ್ಮ, ಹೊರಡು. ನಿನ್ನ ಬಿಟ್ಟರೆ ಯಾರಿದಾರೆ? ಬೇಗ ಎದ್ದರೆ ಹನ್ನೊಂದು ಗಂಟೆ ಬಸ್ ಸಿಗತ್ತೆ" ಎಂದರು ಮಾವ.

ಅಜ್ಜಿ ಅಕ್ಕಿ ಆರಿಸುತ್ತಿದ್ದಳು. ಮೊರದಿಂದ ತಲೆಯೆತ್ತಲಿಲ್ಲ. "ನನಗೆ ಬರಲ್ಲ ಕಣೋ" ಎಂದಳು. "ಆಸ್ಪತ್ರೆ ನರ್ಸನ್ನ ಕೇಳು. ಅವಳು ಹೇಳಿದ ಹಾಗೆ ಮಾಡು."

ಮಾವ ಇನ್ನೆರಡು ಸಲ ಕರೆದರು. ಆಮೇಲೆ ನಮ್ಮ ಅಮ್ಮ ಒಳಗೆ ಹೋಗಿ ತನ್ನ ಎರಡು ಸೀರೆ ಮಡಚಿ ಚೀಲಕ್ಕೆ ಹಾಕಿಕೊಂಡು, ಅವರ ಜೊತೆ ಬಸ್‌ಸ್ಟಾಪಿಗೆ ನಡೆದಳು.