ಬೆನ್ನ ಹಿಂದಿನ ಕೈ

ನಮ್ಮ ಲ್ಯಾಬ್ ಮೇಡಂ ಓಡಾಡುವಾಗ ಎರಡೂ ಕೈ ಬೆನ್ನ ಹಿಂದಿರುತ್ತಿದ್ದವು. ಎಡಗೈ ಬಲಗೈಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿರುತ್ತಿತ್ತು, ಗಾಜಿನ ಬಳೆಗಳು ಮೇಲಕ್ಕೆ ಸರಿದಿರುತ್ತಿದ್ದವು. ಕಡೂರಿನ ಕಾಲೇಜಿನಲ್ಲಿ ಬಿ.ಸಿ.ಎ. ಸೇರಿದ ನಮಗೆ ಮೊದಲ ದಿನವೇ ಹೇಳಿಬಿಟ್ಟರು: "ನಿಮ್ ಕೀಬೋರ್ಡ್ ನಾನ್ ಮುಟ್ಟಲ್ಲ ಕಣ್ರೋ. ತಪ್ಪು ನಿಮ್ದು, ಹುಡುಕೋರೂ ನೀವೇ."

ಇಂಥ ಜಿಪುಣಿಯನ್ನು ನಾನು ಕಂಡಿರಲಿಲ್ಲ. ಬೇರೆ ಮೇಷ್ಟರುಗಳು ಪಟಪಟನೆ ಸರಿಮಾಡಿಕೊಟ್ಟು ಹೋಗುತ್ತಿದ್ದರು. ಇವರು ಹಿಂದೆ ನಿಂತು "ಓದು" ಅನ್ನುವರು. ಓದಿದರೆ "ಇನ್ನೊಂದ್ಸಲ ಓದು." ನಾನು ಸಿಂಗಟಗೆರೆಯವಳು, ಕನ್ನಡ ಮೀಡಿಯಂ, ಕಾಲೇಜಿಗೆ ಬರುವವರೆಗೆ ಕಂಪ್ಯೂಟರ್ ಮುಟ್ಟಿದವಳಲ್ಲ. ಮೊದಲ ಟೆಸ್ಟಿನಲ್ಲೇ ಮಕಾಡೆ ಮಲಗಿದೆ. ಬಿ.ಎ.ಗೆ ಬದಲಾಯಿಸಿಕೊಳ್ಳುವುದೆಂದು ತೀರ್ಮಾನಿಸಿ, ಮಾರನೆಯ ದಿನ ಲ್ಯಾಬ್ ಮುಗಿದ ಮೇಲೆ ಅವರಿಗೆ ಹೇಳಿದೆ.

"ಇದು ನನ್ ಕೈಲಾಗಲ್ಲ ಮೇಡಂ."

"ಹೋಗು, ಬ್ಯಾಡ ಅಂದೋರ್ಯಾರು? ಒಂದರಿಂದ ಹತ್ತು ಬರೋ ಪ್ರೋಗ್ರಾಮ್ ಒಂದು ಓಡಿಸ್ಬಿಟ್ಟು ಹೋಗು. ಸೋತು ಮಾತ್ರ ಹೋಗ್ಬ್ಯಾಡ ಕಣೇ."

ನನಗೂ ಹಟ ಬಂತು. ಕೂತು ಬರೆದು ಓಡಿಸಿದೆ. ಪರದೆಯ ತುಂಬ ಒಂದು, ಒಂದು, ಒಂದು. ನಿಲ್ಲುವ ಮಾತೇ ಇಲ್ಲ. ಬಲವಂತವಾಗಿ ನಿಲ್ಲಿಸಿ ಏನೇನೋ ತಿದ್ದಿದೆ, ಮತ್ತೆ ಅದೇ ಒಂದು. ಗೆಳತಿಯರೆಲ್ಲ ಬಸ್ಸಿಗೆ ಓಡಿದರು. ಮೇಡಂ ನನ್ನ ಹಿಂದೆ ನಿಂತೇ ಇದ್ದರು.

"ನಿಮ್ ತೋಟಕ್ಕೆ ನೀರು ಹಾಯಿಸ್ತೀಯೇನೇ?"

"ಹೂಂ ಮೇಡಂ. ರಜಾ ಬಂದ್ರೆ ನಾನೇ ಹಾಯ್ಸೋದು."

"ಮೊದಲ್ನೇ ತೆಂಗಿನ ಪಾತಿ ತುಂಬ್ತು. ಆಮೇಲೆ?"

"ಮಣ್ಣೆಳೆದು ಅದರ ಬಾಯಿ ಮುಚ್ಚಿ, ಮುಂದಿನ ಮರಕ್ಕೆ ತಿರುಗಿಸ್ತೀನಿ."

"ಇಲ್ಲಿ ತಿರುಗಿಸಿದೀಯಾ? ಓದು."

ಮೇಲಿನಿಂದ ಒಂದೊಂದೇ ಸಾಲು ಓದಿದೆ. ಮುಂದಿನ ಅಂಕಿಗೆ ಹೋಗು ಅಂತ ಎಲ್ಲೂ ಹೇಳಿಯೇ ಇರಲಿಲ್ಲ! ನೀರೆಲ್ಲ ಒಂದೇ ಮರಕ್ಕೆ ಬಿಟ್ಟುಕೊಂಡು ಕೂತಿದ್ದೆ. ಒಂದು ಕೂಡಿಸುವ ಸಾಲು ಸೇರಿಸಿ ಓಡಿಸಿದರೆ ಒಂದರಿಂದ ಹತ್ತರವರೆಗೆ ಬಂದು ತಾನಾಗಿ ನಿಂತಿತು. ನಾನು ಕಿರುಚಿದ್ದು ಆಫೀಸಿನವರೆಗೂ ಕೇಳಿಸಿತಂತೆ.

ಮೇಡಂ ಫ್ಯಾನ್ ಆರಿಸಲು ಬಲಗೈ ಎತ್ತಿದರು. ಮಣಿಕಟ್ಟಿನ ಮೇಲೆ ಉಗುರು ಊರಿದ ಕೆಂಪು ಗುರುತುಗಳು.

"ಏನ್ ಮೇಡಂ ಇದು?"

"ನಂಗೂ ಕೈ ತಡೆಯಲ್ಲ ಕಣೇ. ಆ ಸಾಲು ಬರೆದ್ಕೊಡೋದು ಎಷ್ಟೊತ್ತಿನ ಕೆಲ್ಸ? ಆಮೇಲೆ ನೀನು ಪ್ರತಿ ಸಲಾನೂ ನನ್ನೇ ಹುಡುಕ್ತೀಯ."

ಅವರದು ಜಿಪುಣತನ ಅಂದುಕೊಂಡಿದ್ದೆನಲ್ಲ! ನಾಚಿಕೆಯಾಯಿತು. ಬಿ.ಎ. ಸುದ್ದಿ ಮತ್ತೆ ಎತ್ತಲಿಲ್ಲ.

ಈಗ ತರೀಕೆರೆಯ ಕಾಲೇಜಿನಲ್ಲಿ ನಾನೂ ಕಂಪ್ಯೂಟರ್ ಕಲಿಸುತ್ತೇನೆ. ಮೊನ್ನೆ ಮೇಡಂ ತೀರಿಕೊಂಡರೆಂದು ತಿಳಿದು ಸಖರಾಯಪಟ್ಟಣದ ಅವರ ಮನೆಗೆ ಹೋದೆ. ಅವರ ಕೈಗಳೆರಡೂ ಎದೆಯ ಮೇಲೆ ಸಡಿಲವಾಗಿ ಮಲಗಿದ್ದವು. ಅದನ್ನು ನೋಡಿ ಅಳು ತಡೆಯಲಾಗಲಿಲ್ಲ.

ಮಾರನೆಯ ದಿನ ಲ್ಯಾಬಿನಲ್ಲಿ ಅಜ್ಜಂಪುರದಿಂದ ಬರುವ ಹುಡುಗಿಯೊಬ್ಬಳ ಪರದೆಯ ತುಂಬ ಒಂದು, ಒಂದು, ಒಂದು. ಅವಳ ಕಣ್ಣು ತುಂಬಿತ್ತು. "ನೀವೇ ಸರಿಮಾಡ್ಕೊಡಿ ಮೇಡಂ, ನನ್ ಕೈಲಾಗಲ್ಲ" ಅಂದಳು. ನನ್ನ ಬಲಗೈ ಆಗಲೇ ಕೀಬೋರ್ಡಿನತ್ತ ಹೊರಟಿತ್ತು. ಅದನ್ನು ಬೆನ್ನ ಹಿಂದಕ್ಕೆಳೆದು, ಎಡಗೈಯಿಂದ ಬಿಗಿಯಾಗಿ ಹಿಡಿದುಕೊಂಡೆ.

"ಓದು" ಅಂದೆ.