ವಿಳಾಸ ತಪ್ಪಿದ ಮಳೆ

ಮಲ್ಲಂದೂರಿನ ನಮ್ಮ ಪಕ್ಕದ ತೋಟದ ಅಕ್ಕ ದೂರದ ಊರಲ್ಲಿ ಆಕಾಶ ನೋಡುವ ಕೆಲಸದಲ್ಲಿದ್ದರು. ಎಳೆಯ ನಕ್ಷತ್ರಗಳ ಸುತ್ತ ಧೂಳು, ಅನಿಲ ತಟ್ಟೆಯಂತೆ ಸುತ್ತುತ್ತವಂತೆ, ಅದರಲ್ಲೇ ಗ್ರಹಗಳು ಕಟ್ಟಿಕೊಳ್ಳುತ್ತವಂತೆ. "ಗ್ರಹ ಸಿಕ್ತಾ ಅಕ್ಕ?" ಎಂದು ಕೇಳಿದಾಗಲೆಲ್ಲ, ಒಲೆಯ ಮೇಲಿನ ಅನ್ನದ ವಿಷಯ ಹೇಳುವಂತೆ, "ಇನ್ನೂ ಆಗ್ತಾ ಇದೆ" ಎನ್ನುತ್ತಿದ್ದರು.

ರಜೆಗೆ ಬಂದರೆ ಮೊದಲು ಅಂಗಳದ ಗಾಳಿಯನ್ನು ಹಿಟ್ಟಿನಂತೆ ಬೆರಳಲ್ಲಿ ತಿಕ್ಕಿ ಮುಖ ಹುಳ್ಳಗೆ ಮಾಡುವರು. ಗಾಳಿಯಲ್ಲಿ ನೀರಾವಿಯಿದ್ದರೆ ಆ ಅನಿಲದಿಂದ ಬರುವ ಅಲೆಗಳು ನೆಲ ಮುಟ್ಟುವುದಿಲ್ಲವಂತೆ. ಹಾಗಾಗಿ ಅವರ ದೂರದರ್ಶಕ ಯಾವುದೋ ದೇಶದ ಒಣ ಬೆಟ್ಟದ ಮೇಲಿತ್ತು. ಅದರಲ್ಲಿ ನೋಡಲು ವರ್ಷಕ್ಕೊಮ್ಮೆ ಸಿಗುವ ಅವರ ಸರದಿ ಆ ಸಲ ಮಾರ್ಚ್‌ನಲ್ಲಿ ಬಂತು. ನಮಗೋ ಅದೇ ವಾರ ಕಾಫಿ ಹೂವರಳಲು ಮಳೆ ಬೇಕು.

ಚಿಂತೆಯೇ ನನ್ನ ಮುಖ್ಯ ಬೆಳೆ. ಮಳೆ ಕೇಳಲು ಹೊರನಾಡಿನ ಅಮ್ಮನೋರ ದೇವಸ್ಥಾನಕ್ಕೆ ಹೊರಟೆ.

"ನನಗೂ ಕೇಳ್ಕೊಂಡು ಬಾ ಮಾರಾಯ, ಆ ಬೆಟ್ಟಕ್ಕೆ ಮೋಡ ಬೇಡ ಅಂತ," ಎಂದರು, ರಜೆ ಮುಗಿಸಿ ಬೆಟ್ಟಕ್ಕೆ ಹೊರಟಿದ್ದ ಅಕ್ಕ.

"ಒಟ್ಟಿಗೇ ಮಳೆ ಬೇಕು, ಮಳೆ ಬೇಡ ಅಂದ್ರೆ ಅಮ್ಮನೋರಿಗೆ ಗೊಂದಲ ಆಗಲ್ವಾ ಅಕ್ಕ?"

"ವಿಳಾಸ ಸರಿಯಾಗಿ ಹೇಳು."

ಅಮ್ಮನೋರ ಮುಂದೆ ನಿಂತಾಗ ಬೆಟ್ಟದ ಹೆಸರಿಗೆ ನನ್ನ ನಾಲಿಗೆ ಹೊರಳಲಿಲ್ಲ. ಏನೋ ಗೊಣಗಿ ಕೈಮುಗಿದು ಬಂದೆ.

ಮಳೆ ಬಾರದೆ ಮೊಗ್ಗು ಬಾಡತೊಡಗಿದಾಗ ಆ ಬೆಟ್ಟದಿಂದ ಅಕ್ಕನ ಫೋನ್ ಬಂತು.

"ನಿನ್ನ ಮಳೆ ಇಲ್ಲಿ ಬಂದು ಕೂತಿದೆ ಮಾರಾಯ. ನನ್ನ ಸರದಿ ಮುಗೀತು."

"ಹಾಗಾದ್ರೆ ಗ್ರಹ?" ಎಂದೆ.

"ಅದು ಮುಂದಿನ ವರ್ಷಾನೂ ಆಗ್ತಾ ಇರುತ್ತೆ. ನಿನ್ನ ಹೂವಿಗೆ ಅಷ್ಟು ಪುರುಸೊತ್ತಿಲ್ಲ. ಫೋನ್ ಇಟ್ಟು ಸ್ಪ್ರಿಂಕ್ಲರ್ ಹಾಕು ಹೋಗು."