ಸುಗ್ಗಿಯ ಮೇಜಿನ ಮೇಲೆ ಇವಡ್ನಿಯ ಜಾಗ

ಮಿಸ್ ಇವಡ್ನಿಗೆ ಯಾರ ಮೇಲೆ ಸಿಟ್ಟು ಬಂದಿದೆ ಎನ್ನುವುದನ್ನು ಪ್ಲಮ್ ಬಾಟಮ್ ಎಂಬ ಹಳ್ಳಿಯ ಜನ ಅವಳ ಒರಳಿನ ಸದ್ದಿನಿಂದಲೇ ಹೇಳುತ್ತಾರೆ. ಹುರಿದ ಹರಳು ಬೀಜದ ಮೇಲೆ ಒನಕೆ ನಿಧಾನವಾಗಿ, ಭಾರವಾಗಿ ಬಿದ್ದರೆ ಅದು ಇಂಗ್ಲೆಂಡಿಗೆ ಹೋಗಿ ಅಲ್ಲೇ ಇನ್ನೊಬ್ಬಳನ್ನು ಕಟ್ಟಿಕೊಂಡ ಗಂಡನಿಗೆ. ದಬದಬ ಬಿದ್ದರೆ ಪಕ್ಕದ ಮನೆಯ ಮಿಸ್ ಬರ್ಡಿಯ ಆಡಿಗೆ. ಸದ್ದೇ ಇಲ್ಲವೆಂದರೆ ಮನೆಯಲ್ಲಿ ಬೀಜ ಮುಗಿದಿದೆ ಎಂದು ಅರ್ಥ, ಸಿಟ್ಟು ಮುಗಿದಿದೆ ಎಂದಲ್ಲ.

ಆ ಮಂಗಳವಾರ ಸದ್ದು ಬೇರೆಯಾಗಿತ್ತು. ಮಾಸ್ ಆಸ್ಬರ್ಟನ ಅಂಗಡಿಯ ಮುಂದೆ ಡಾಮಿನೊ ಆಡುತ್ತಿದ್ದವರು ಕಾಯಿಯನ್ನು ಕೈಯಲ್ಲೇ ಹಿಡಿದು ಕಿವಿಗೊಟ್ಟರು.

“ಗಂಡ ಅಲ್ಲ,” ಅಂದ ಒಬ್ಬ.

“ಆಡೂ ಅಲ್ಲ. ಆಡಿಗೆಲ್ಲ ಇಷ್ಟು ಮರ್ಯಾದೆ ಕೊಡಲ್ಲ ಅವಳು.”

“ಪಾಸ್ಟರಮ್ಮ ಕಣ್ರಯ್ಯಾ,” ಅಂದ ಆಸ್ಬರ್ಟ್. “ಮೊನ್ನೆ ಚರ್ಚಲ್ಲಿ ಆಯ್ತಲ್ಲ, ಸೋಪಿನ ವಿಷಯ. ಸುಮ್ನೆ ಆಡ್ರಿ, ಅವಳಿಗೆ ಕೇಳಿಸಿದ್ರೆ ಮುಂದಿನ ಏಟು ನಮಗೆ.”

ಸೋಪಿನ ವಿಷಯ ಇಷ್ಟು. ಸುಗ್ಗಿಯ ಭಾನುವಾರ ಊರವರೆಲ್ಲ ಬೆಳೆದದ್ದನ್ನು ಚರ್ಚಿಗೆ ತಂದು ಮುಂದಿನ ಉದ್ದ ಮೇಜಿನ ಮೇಲೆ ಇಡುತ್ತಾರೆ. ಗೆಡ್ಡೆಗೆಣಸು, ಕಬ್ಬು, ಬಾಳೆಗೊನೆ, ಮಧ್ಯದಲ್ಲಿ ಒಂದು ದೊಡ್ಡ ಬ್ರೆಡ್ಡು. ಆ ಬ್ರೆಡ್ಡಿನ ಎಡಗಡೆ ಇವಡ್ನಿಯ ಹರಳೆಣ್ಣೆ ಸಾಬೂನು. ಅವಳಿಗಿಂತ ಮೊದಲು ಅದೇ ಜಾಗದಲ್ಲಿ ಅವಳ ತಾಯಿ ಮಿಸ್ ಕೆಟೂರಾಳ ಸಾಬೂನು ಇರುತ್ತಿತ್ತು. ಗಂಡ ಕೈಬಿಟ್ಟವಳು, ಮಕ್ಕಳಿಲ್ಲದವಳು ಎಂದು ಊರು ಇವಡ್ನಿಗೆ ಏನೇನೋ ಹೆಸರಿಟ್ಟಿದ್ದರೂ ಬ್ರೆಡ್ಡಿನ ಎಡಗಡೆ ಮಾತ್ರ ಯಾರೂ ಕೈಹಾಕಿರಲಿಲ್ಲ.

ಹೊಸ ಪಾಸ್ಟರ ಹೆಂಡತಿ ಸಿಸ್ಟರ್ ನೋವ್ಲೆಟ್ ರಾಜಧಾನಿ ಕಿಂಗ್‌ಸ್ಟನ್ನಿನವಳು. ಒಳ್ಳೆಯ ಹೆಣ್ಣು, ಅಚ್ಚುಕಟ್ಟಿನ ಹುಚ್ಚು. ಅವಳು ನಗುನಗುತ್ತಲೇ ಹೇಳಿದ್ದಳು: “ಮಿಸ್ ಇವಡ್ನಿ, ಈ ಸಲ ಮೇಜು ಸ್ವಲ್ಪ ಚೆಂದ ಕಾಣ್ಲಿ ಅಂತ. ನಿಮ್ಮ ಸೋಪು ಕಪ್ಪು, ಹೊಗೆ ವಾಸನೆ ಬೇರೆ. ಶನಿವಾರ ತನ್ನಿ, ನೋಡಿ ಹೇಳ್ತೀನಿ.”

ನೋಡಿ ಹೇಳುತ್ತಾಳಂತೆ! ಇವಡ್ನಿಗೆ ಉರಿದದ್ದು ಆ ಮಾತಿಗೆ. ಈ ಊರಲ್ಲಿ ಹುಟ್ಟಿದ ಕೂಸುಗಳ ಮೈಗೆ ಮೊದಲು ಹತ್ತಿದ್ದು ಅವಳ ಎಣ್ಣೆ. ಬಾಣಂತಿಯ ಹೊಟ್ಟೆಗೆ, ಉದುರುವ ಕೂದಲಿಗೆ, ಒಡೆದ ಹಿಮ್ಮಡಿಗೆ, ಮಾಸ್ ಆಸ್ಬರ್ಟನ ಬೋಳುತಲೆಗೆ (ಅಲ್ಲಿ ಮಾತ್ರ ಏನೂ ಬೆಳೆಯಲಿಲ್ಲ, ಅದು ಎಣ್ಣೆಯ ತಪ್ಪಲ್ಲ) ಎಲ್ಲದಕ್ಕೂ ಅದೇ. ಕಪ್ಪಂತೆ! ಬೀಜವನ್ನು ಕಬ್ಬಿಣದ ಬಾಣಲೆಯಲ್ಲಿ ಕರ್ರಗೆ ಹುರಿದು, ಕುಟ್ಟಿ, ನೀರಲ್ಲಿ ಕುದಿಸಿ, ಮೇಲೆ ತೇಲಿದ ಎಣ್ಣೆ ತೆಗೆದರೆ ಕಪ್ಪಾಗದೆ ಇನ್ನೇನು, ಗುಲಾಬಿ ಬಣ್ಣಕ್ಕೆ ತಿರುಗುತ್ತದೆಯೇ?

ಗುರುವಾರ ಅಂಗಳದಲ್ಲಿ ಒಲೆ ಹೂಡಿ ಸಾಬೂನಿನ ಹಂಡೆ ಇಟ್ಟಳು. ಕೊಬ್ಬರಿ ಎಣ್ಣೆ ಹೆಚ್ಚು, ಹರಳೆಣ್ಣೆ ಒಂದೇ ಒಂದು ತಗಡಿನ ಲೋಟ. ಆ ಒಂದು ಲೋಟದಿಂದಲೇ ನೊರೆ ದಪ್ಪ ಬರುತ್ತದೆ, ಮೈ ಮೆತ್ತಗಾಗುತ್ತದೆ. ಹೆಚ್ಚಾದರೆ ಸಾಬೂನು ಗಟ್ಟಿಯಾಗುವುದೇ ಇಲ್ಲ. ಕಾಸ್ಟಿಕ್ ಸೋಡಾದ ನೀರು ಬಿದ್ದ ಮೇಲೆ ತಿರುವುವವಳು ಬಾಯಿ ಬಿಡಬಾರದು ಎನ್ನುವುದು ಕೆಟೂರಾ ಕಟ್ಟು ಮಾಡಿದ ನಿಯಮ. ಮಾತಾಡಿದರೆ ಜಗಳ ಹಂಡೆಗೆ ಇಳಿಯುತ್ತದಂತೆ. ಅದಕ್ಕೇ ನಾಲಿಗೆಯ ಕೆಳಗೆ ಒಂದು ಪಿಮೆಂಟೊ ಮಸಾಲೆಕಾಳು ಇಟ್ಟುಕೊಂಡು ತಿರುವಬೇಕು. ಇವಡ್ನಿಯ ಬಾಯಿಯನ್ನು ಬಲ್ಲವರು, ಆ ತಾಯಿ ಈ ನಿಯಮ ಮಾಡಿದ್ದು ಸಾಬೂನಿಗಾಗಿ ಅಲ್ಲ, ತನ್ನ ನೆಮ್ಮದಿಗಾಗಿ ಎನ್ನುತ್ತಾರೆ.

ಕಾಳು ಬಾಯಲ್ಲಿತ್ತು, ಹಂಡೆ ಕುದಿಯುತ್ತಿತ್ತು. ಅಷ್ಟರಲ್ಲಿ ಮಿಸ್ ಬರ್ಡಿ ಬೇಲಿಗೆ ಬಂದು ಮೊಣಕೈ ಊರಿದಳು.

“ಏನೇ ಇವಡ್ನಿ, ಮಾಡ್ತಾನೇ ಇದೀಯಾ? ನೀನು ಬಿಟ್ಟೇಬಿಟ್ಟೆ ಅಂದ್ಕೊಂಡಿದ್ದೆ.”

ಇವಡ್ನಿ ಕಣ್ಣಲ್ಲೇ ಬೈದಳು.

“ನನ್ನ ಮೇಲೆ ಯಾಕೆ ಗುರಾಯಿಸ್ತೀಯಾ? ಹೇಳಿದ್ದು ನಾನಾ? ಸಿಸ್ಟರ್ ನೋವ್ಲೆಟ್ಟು. ಕಿಂಗ್‌ಸ್ಟನ್ನಲ್ಲಿ ಹರಳೆಣ್ಣೆ ತಿಳಿ ನೀರಿನ ಹಾಗೆ ಸಿಗುತ್ತಂತೆ, ಹುಡುಗೀರು ರೆಪ್ಪೆಗೆ ಹಚ್ಕೋತಾರಂತೆ. ನಿಂದು ನೋಡಿದ್ರೆ ಲಾರಿಯಿಂದ ಸೋರಿದ ಹಾಗಿದೆ ಅಂದ್ಲಪ್ಪ.”

ಪಿಮೆಂಟೊ ಕಾಳು ಬಾಯಿಂದ ಹಾರಿ ಕೋಳಿಯ ಮುಂದೆ ಬಿತ್ತು.

“ಲಾರಿಯಿಂದ! ನನ್ನ ಎಣ್ಣೆ ಲಾರಿಯಿಂದ ಸೋರಿದ್ದಾ? ಅವಳ ಗಂಡನ ತಲೆನೋವಿಗೆ ಹೋದ ತಿಂಗಳು ಹಚ್ಚಿದ್ದು ಯಾವ ಲಾರೀದೇ?” ಅನ್ನುತ್ತ ಹರಳೆಣ್ಣೆಯ ಇನ್ನೊಂದು ಲೋಟ ಸುರಿದಳು. “ಕಪ್ಪು ಬೇಡ್ವಾ? ತಗೋ ಕಪ್ಪು!” ಮತ್ತೊಂದು. “ವಾಸನೆ ಬೇಡ್ವಾ? ಕಿಂಗ್‌ಸ್ಟನ್ನಿನವರೆಗೂ ಹೊಡೀಲಿ ವಾಸನೆ!” ಇನ್ನೂ ಒಂದು.

“ಅಯ್ಯೋ, ಅಳತೆ ಕಣೇ!” ಎಂದು ಬರ್ಡಿ ಕಿರುಚಿದಳು.

“ನನಗೆ ಅಳತೆ ಹೇಳಿಕೊಡೋಕೆ ಬಂದ್ಯಾ? ಹೋಗಿ ನಿನ್ನ ಆಡು ಕಟ್ಟು ಹೋಗು!”

ಶನಿವಾರ ಬೆಳಿಗ್ಗೆ, ಸಾಬೂನು ಹುಯ್ದಿಟ್ಟಿದ್ದ ಬಾಳೆಲೆ ಹಾಸಿದ ಮರದ ಪೆಟ್ಟಿಗೆಗೆ ಚಾಕು ಇಳಿಸಿದಳು. ಚಾಕು ಮೇಲೆ ಬರಲಿಲ್ಲ. ಕಿತ್ತು ಎಳೆದರೆ ಹಲಸಿನ ಅಂಟಿನ ಹಾಗೆ ದಾರದಾರವಾಗಿ ಬಂತು. ಅದರೊಳಗೆ ಬೆರಳಿಟ್ಟುಕೊಂಡೇ ಇವಡ್ನಿ, ಬೈಯಲು ಯಾರಾದರೂ ಸಿಗುತ್ತಾರೋ ಎಂದು ಮನಸ್ಸಿನಲ್ಲೇ ಊರೆಲ್ಲ ಸುತ್ತಿ ಬಂದಳು. ಬರ್ಡಿ ಸಿಕ್ಕಳು, ನೋವ್ಲೆಟ್ ಸಿಕ್ಕಳು, ಆದರೆ ಲೋಟ ಹಿಡಿದಿದ್ದ ಕೈ ಅವರಿಬ್ಬರದೂ ಆಗಿರಲಿಲ್ಲ. ಅದಕ್ಕಂತೂ ಮೈಯೆಲ್ಲ ಉರಿಯಿತು.

ಹೊಸದಾಗಿ ಮಾಡಲು ಹೊತ್ತಿರಲಿಲ್ಲ. ಹೋಗದಿದ್ದರೆ ಹೆದರಿದಳು ಅನ್ನುತ್ತಾರೆ. ಆ ಮುದ್ದೆಯನ್ನು ಬೋಗುಣಿಗೆ ತುಂಬಿ, ಟೋಪಿ ಹಾಕಿಕೊಂಡು ಚರ್ಚಿಗೆ ನಡೆದಳು.

ಮೇಜಿಗೆ ಬಿಳಿ ಬಟ್ಟೆ ಹಾಸುತ್ತಿದ್ದ ಸಿಸ್ಟರ್ ನೋವ್ಲೆಟ್ ಬೋಗುಣಿಯೊಳಗೆ ಇಣುಕಿದಳು. ಒಂದು ಬೆರಳು ಅದ್ದಿದಳು, ಅಂಗೈಗೆ ತಿಕ್ಕಿಕೊಂಡಳು. ಅವಳ ಮುಖ ಅರಳಿತು.

“ಅಯ್ಯೋ, ಎಷ್ಟು ಮೆತ್ತಗಿದೆ! ಇದು ಕ್ರೀಮ್ ಥರ ಇದೆ ಮಿಸ್ ಇವಡ್ನಿ. ಸೋಪಿಗಿಂತ ಇದೇ ಚೆನ್ನಾಗಿದೆ. ಪುಟ್ಟ ಪುಟ್ಟ ಡಬ್ಬಿಗೆ ಹಾಕಿ ರಿಬ್ಬನ್ ಕಟ್ಟಿ ಮುಂದೇನೇ ಇಡೋಣ.”

ಬೇಕಿದ್ದ ಜಾಗ ಕೈಗೆ ಸಿಕ್ಕಿತ್ತು. ಹೂಂ ಅಂದರೆ ಸಾಕು.

“ಇಡಬೇಡಿ,” ಅಂದಳು ಇವಡ್ನಿ.

“ಯಾಕೆ?”

“ಇದು ಕೆಟ್ಟಿದೆ. ನಾನೇ ಕೆಡಿಸಿದ್ದು. ಸಿಟ್ಟಲ್ಲಿ ಎಣ್ಣೆ ಹೆಚ್ಚು ಸುರಿದೆ. ಒಳ್ಳೇ ಸೋಪನ್ನ ನೋಡಿ ಹೇಳ್ತೀನಿ ಅಂದ್ರಿ, ಕೆಟ್ಟಿದ್ದಕ್ಕೆ ರಿಬ್ಬನ್ ಕಟ್ತೀನಿ ಅಂತೀರಿ! ಕೆಟ್ಟಿದ್ದನ್ನ ದೇವರ ಮುಂದಿಡೋಕೆ ನಮ್ಮಮ್ಮ ನನಗೆ ಕಲಿಸಿಲ್ಲ.”

“ನನಗೆ ಗೊತ್ತಾಗ್ಲಿಲ್ಲ, ನಿಜವಾಗ್ಲೂ ಚೆನ್ನಾಗಿದೆ ಅಂತಲೇ...” ನೋವ್ಲೆಟ್‌ ಅಂಗೈಯನ್ನು ಬಟ್ಟೆಗೆ ಒರೆಸಿಕೊಂಡಳು.

“ಚೆನ್ನಾಗಿದ್ರೆ ಮನೇಗೆ ತಗೊಂಡು ಹೋಗಿ ಕಾಲಿಗೆ ಹಚ್ಕೊಳ್ಳಿ. ಈ ಮೇಜಿನ ಮೇಲೆ ಬೇಡ.” ಬೋಗುಣಿಯನ್ನು ಅವಳ ಕೈಗೇ ತುರುಕಿ ಇವಡ್ನಿ ಹೊರಟುಬಿಟ್ಟಳು.

ಸುಗ್ಗಿಯ ಭಾನುವಾರ ಚರ್ಚು ತುಂಬಿತ್ತು. ಇವಡ್ನಿ ಮೊದಲ ಬೆಂಚಿನಲ್ಲಿ, ಎದೆಯ ಮೇಲೆ ಕೈಕಟ್ಟಿಕೊಂಡು ಕುಳಿತಿದ್ದಳು. ಮೇಜು ತುಂಬಿ ತುಳುಕುತ್ತಿತ್ತು. ಬ್ರೆಡ್ಡಿನ ಎಡಗಡೆ ಮಾತ್ರ ಬಿಳಿ ಬಟ್ಟೆ ಖಾಲಿ. ಮಿಸ್ ಬರ್ಡಿ ತಡವಾಗಿ ಬಂದವಳು, ಹೊಟ್ಟೆಯ ಮೇಲೆ ಕುಂಬಳಕಾಯಿ ಹೊತ್ತುಕೊಂಡು ಜಾಗ ಹುಡುಕಿ, ಅದನ್ನು ಅಲ್ಲೇ ಇಟ್ಟಳು.

“ತೆಗಿಯೇ ಅದನ್ನ,” ಅಂದಳು ಇವಡ್ನಿ. ಪಾಸ್ಟರು ಪ್ರಾರ್ಥನೆಗೆ ಬಾಯಿ ತೆರೆದವರು ಹಾಗೇ ನಿಂತರು.

“ಖಾಲಿ ಇತ್ತಲ್ಲೇ!”

“ಖಾಲಿ ಇದ್ರೆ ನಿನ್ನದಾ? ನನ್ನ ಜಾಗ, ನಾನು ಖಾಲಿ ಬಿಟ್ಟಿದೀನಿ. ತೆಗಿ ಅಂದೆ.”

ಬರ್ಡಿ ಪಾಸ್ಟರ ಮುಖ ನೋಡಿದಳು. ಪಾಸ್ಟರು ಹೆಂಡತಿಯ ಮುಖ ನೋಡಿದರು. ಸಿಸ್ಟರ್ ನೋವ್ಲೆಟ್ ಎದ್ದು ಬಂದು ಕುಂಬಳಕಾಯಿಯನ್ನು ಎತ್ತಿ ಗೆಣಸಿನ ಪಕ್ಕದಲ್ಲಿಟ್ಟಳು. ಮುದುರಿದ ಬಟ್ಟೆಯನ್ನು ಅಂಗೈಯಿಂದ ನೇವರಿಸಿ ಸರಿಮಾಡಿ ಹಿಂದಿರುಗಿದಳು.

“ಹೂಂ, ಈಗ ಶುರು ಮಾಡಿ ಪಾಸ್ಟರೇ,” ಅಂದಳು ಇವಡ್ನಿ, ಕಟ್ಟಿದ ಕೈ ಬಿಚ್ಚದೆ.